ಕುಸುಮಕ್ಕನ ಹಾಯಿಹಡಗು

ಮಸ್ಕತ್ತಿನ ಅಲ್ ಅಜೈಬಾದ ಹಲ್ಲಿನ ಕ್ಲಿನಿಕ್ಕೊಂದಕ್ಕೆ ಬರುವವರಲ್ಲಿ ಅರ್ಧ ಜನ ಡಾಕ್ಟರ ಮುಖ ನೋಡುವ ಮೊದಲೇ ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿರುತ್ತಾರೆ. ಒಬ್ಬರಿಗೆ ಮೀಟಿಂಗು ನೆನಪಾಗುತ್ತದೆ, ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ನೋವೇ ಮಾಯವಾಗಿರುತ್ತದೆ. ಅಂಥವರನ್ನು ಹಿಡಿದು ಕೂರಿಸುವುದು ರಿಸೆಪ್ಷನ್ನಿನ ಕುಸುಮಳ ಕೆಲಸ. ನೇಮಕದ ಕಾಗದದಲ್ಲಿ ಹಾಗೇನೂ ಬರೆದಿಲ್ಲ, ನಡೆದುಕೊಂಡು ಬಂದದ್ದು ಮಾತ್ರ ಹಾಗೆ. ಒಮಾನಿಗಳೊಡನೆ ಮುರುಕು ಅರಬಿಯಲ್ಲಿ, ಪಾಕಿಸ್ತಾನಿಗಳೊಡನೆ ಹಿಂದಿಯಲ್ಲಿ, ಊರಿನವರೊಡನೆ ತುಳುವಿನಲ್ಲಿ ಮಾತಾಡಿಸಿ, ತಣ್ಣಗಾದ ಅವರ ಕೈ ಬೆಚ್ಚಗಾಗುವವರೆಗೂ ಪಕ್ಕದಲ್ಲೇ ನಿಲ್ಲುತ್ತಾಳೆ. ಹಲ್ಲು ಕೀಳಿಸಿಕೊಂಡವರು ಡಾಕ್ಟರಿಗಿಂತ ಮೊದಲು ಅವಳಿಗೆ ಥ್ಯಾಂಕ್ಸ್ ಹೇಳಿ ಹೋಗುವುದುಂಟು.

ಊರಿಗೆಲ್ಲ ಧೈರ್ಯ ಹಂಚುವ ಈ ಹೆಂಗಸಿಗೆ ತನ್ನದೆಂದು ಇದ್ದದ್ದು ಒಂದೇ ಆಸೆ. ಹಾಯಿ ಕಟ್ಟಿದ ಹಡಗಿನಲ್ಲಿ ಒಮ್ಮೆ ಕಡಲಿಗೆ ಹೋಗಬೇಕು.

ಹುಟ್ಟಿದ್ದು ಉಚ್ಚಿಲದ ಕಡಲ ಬದಿಯಲ್ಲಿ, ಅಪ್ಪನಿಗೆ ಸ್ವಂತ ದೋಣಿ. ಹಾಗಿದ್ದೂ ಈ ಆಸೆ ಉಳಿದುಕೊಂಡದ್ದು ಹೇಗೆ ಎಂದು ಕೇಳುವವರಿಗೆ ಮೊಗವೀರರ ಮನೆಗಳ ಕಟ್ಟಳೆ ಗೊತ್ತಿಲ್ಲ. ಹೆಂಗಸರು ಮೀನು ಹೊರಬಹುದು, ಮಾರಬಹುದು, ಒಣಗಿಸಬಹುದು, ಗಂಡಸರ ಹತ್ತಿರ ಲೆಕ್ಕ ಕೇಳಿ ಜಗಳವನ್ನೂ ಆಡಬಹುದು. ದೋಣಿ ಹತ್ತುವಂತಿಲ್ಲ. ಚಿಕ್ಕವಳಿದ್ದಾಗ ಕುಸುಮ ಹೊಯಿಗೆಯ ಮೇಲೆ ಎಳೆದಿಟ್ಟ ಖಾಲಿ ದೋಣಿಯೊಳಗೆ ಹತ್ತಿ ಕೂತದ್ದಕ್ಕೆ ಅಜ್ಜಿ ಕಿವಿ ಹಿಂಡಿ ಇಳಿಸಿದ್ದಳು. ಕಿವಿಯ ನೋವು ಅಂದೇ ಹೋಯಿತು, ಆಸೆ ಹೋಗಲಿಲ್ಲ.

ಮದುವೆಯಾದದ್ದು ಪಡುಕರೆಯ ಬೋಜ ಕುಂದರನನ್ನು. ರುವಿಯ ಟಯರ್ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್, ಮನೆ ಹಮ್ರಿಯಾದ ಹಳೆಯ ಬಿಲ್ಡಿಂಗಿನಲ್ಲಿ. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಚಟ, ಕಡಲಿನ ಬಡಾಯಿ. ಶುಕ್ರವಾರ ನಾಲ್ಕು ಜನ ಊರಿನವರು ಸೇರಿದರೆಂದರೆ ಸಾಕು, ಬೋಜಣ್ಣನ ದೋಣಿ ನೀರಿಗಿಳಿಯುತ್ತಿತ್ತು. ಆಳೆತ್ತರದ ತೆರೆ, ಹರಿದ ಬಲೆ, ತಾನು ಹಿಡಿದ ಚುಕ್ಕಾಣಿ. ವರ್ಷದಿಂದ ವರ್ಷಕ್ಕೆ ತೆರೆಗಳು ಎತ್ತರವಾಗುತ್ತಲೇ ಹೋದವು. ಕೇಳುವವರು ಚಾ ಕುಡಿಯುತ್ತ ಹೂಂಗುಟ್ಟುತ್ತಿದ್ದರು.

ಮಸ್ಕತ್ತಿನಲ್ಲಿ ಕಡಲಿಗೇನು ಬರಗಾಲ. ಮತ್ರಾದ ಕಾರ್ನಿಷ್ ಎಂಬ ಕಡಲ ಬದಿಯ ರಸ್ತೆಗೆ ತಾಗಿ ಮರದ ಹಡಗುಗಳು ದೀಪ ಹಾಕಿಕೊಂಡು ಕರೆಯುತ್ತವೆ. ಡಾಲ್ಫಿನ್ ತೋರಿಸುವ ದೋಣಿಗಳು ಬೆಳಗಾದರೆ ಹೊರಡುತ್ತವೆ. ಕುಸುಮ ಕೇಳಿದಾಗಲೆಲ್ಲ ಬೋಜನದು ಒಂದೇ ಉತ್ತರ.

"ನಮ್ಮ ಹೆಂಗಸರು ದೋಣಿ ಹತ್ತುವುದಿಲ್ಲ ಮಾರಾಯ್ತಿ. ನಿಂಗೆ ಗೊತ್ತುಂಟಲ್ಲ."

ಅವಳಿಗೆ ಗೊತ್ತಿತ್ತು. ಕ್ಲಿನಿಕ್ಕಿನವರೆಲ್ಲ ಡಾಲ್ಫಿನ್ ನೋಡಲು ಹೋದ ದಿನ ಗಂಡ ಹೆಂಡತಿ ಇಬ್ಬರೂ ಜೆಟ್ಟಿಯಲ್ಲಿ ಕೂತು ಎಲ್ಲರ ಬ್ಯಾಗು ಕಾದರು. ನರ್ಸ್ ವಿಲ್ಮಾ ವಾಪಸು ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಾಗ ಕುಸುಮ ಚೆಂದ ಉಂಟು ಎಂದಳು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು.

ಇಂಥವಳ ಕಣ್ಣಿಗೆ ಕ್ಲಿನಿಕ್ಕಿನ ಹಳೆಯ ಪತ್ರಿಕೆಯೊಂದರಲ್ಲಿ ಆ ಚಿತ್ರ ಬೀಳಬೇಕೇ. ಎರಡು ಕಂಬದ ಸಣ್ಣ ಮರದ ಹಡಗು, ಹತ್ತು ಹನ್ನೆರಡು ಜನಕ್ಕಷ್ಟೇ ಜಾಗ. ಟರ್ಕಿಯ ತೆಂಕಣ ಕರಾವಳಿಯ ಗುಂಟ, ಮೆಡಿಟರೇನಿಯನ್ ಕಡಲಲ್ಲಿ ದಿನಕ್ಕೊಂದು ಊರು. ಹಮ್ರಿಯಾದ ಹೆಂಗಸರ ಚೀಟಿ ಆ ತಿಂಗಳು ಅವಳ ಹೆಸರಿಗೆ ಎದ್ದಿತ್ತು, ಬಳೆಗೆಂದು ಇಟ್ಟದ್ದು. ಸೊಹಾರಿನಲ್ಲಿದ್ದ ಮಗಳು ಯಶ್ಮಿತಾಳಿಗೆ ಫೋನು ಮಾಡಿ, ಅಪ್ಪನಲ್ಲಿ ಹೇಗೆ ಕೇಳುವುದು ಎಂದಳು.

"ಅಮ್ಮಾ, ಡೋಂಟ್ ಆಸ್ಕ್ ಹಿಮ್. ಜಸ್ಟ್ ಟೆಲ್ ಹಿಮ್," ಎಂದು ಮಗಳು ಅಂದೇ ಇಬ್ಬರಿಗೂ ಬುಕ್ ಮಾಡಿಬಿಟ್ಟಳು.

ಬೋಜ ಕಟ್ಟಳೆಯ ಮಾತು ಎತ್ತಿದ. ಕುಸುಮ ಉತ್ತರ ತಯಾರು ಮಾಡಿಟ್ಟುಕೊಂಡಿದ್ದಳು. "ಇದು ಮೀನಿನ ದೋಣಿ ಅಲ್ಲ. ಟಿಕೆಟ್ ಉಂಟು, ಊಟ ಉಂಟು." ಅಷ್ಟರಲ್ಲಿ ವಿಲ್ಮಾಳ ಬಾಯಿಂದ ಸುದ್ದಿ ಹಮ್ರಿಯಾಕ್ಕೆಲ್ಲ ಹರಡಿ, ಬೋಜಣ್ಣ ಮತ್ತೆ ಕಡಲಿಗೆ ಇಳಿಯುತ್ತಾರಂತೆ ಎಂದು ಜನ ಬೆನ್ನು ತಟ್ಟತೊಡಗಿದರು. ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಆತ ಪ್ಯಾಕಿಂಗಿಗೆ ಕೂತ ಪರಿ ನೋಡಬೇಕಿತ್ತು. ಹಡಗಿನವರು ಮೆತ್ತನೆಯ ಸಣ್ಣ ಬ್ಯಾಗು ತನ್ನಿ, ಜಾಗವಿಲ್ಲ ಎಂದು ಬರೆದಿದ್ದರು. ಗಲ್ಫಿನಲ್ಲಿ ತಲೆ ನರೆತವನಿಗೆ ಪ್ರಯಾಣವೆಂದರೆ ಊರಿಗೆ ಹೋಗುವುದು, ಊರಿಗೆ ಹೋಗುವುದೆಂದರೆ ರಟ್ಟಿನ ಪೆಟ್ಟಿಗೆ. ಖರ್ಜೂರ, ಹಲ್ವ, ನೋವಿನ ಎಣ್ಣೆ, ಅವಲಕ್ಕಿ ತುಂಬಿಸಿ, ನೈಲಾನ್ ಹಗ್ಗ ಬಿಗಿದು, ನಾಲ್ಕೂ ಮಗ್ಗುಲಿಗೆ ಮಾರ್ಕರಿನಲ್ಲಿ ಬೋಜ ಕುಂದರ್, ಮಸ್ಕತ್ ಎಂದು ಬರೆದ. ಅಲ್ಲಿ ಕೊಡಲು ನಮಗೆ ಯಾರಿದ್ದಾರೆ ಎಂದು ಕುಸುಮ ಕೇಳಿದರೆ, ಬರಿಗೈಯಲ್ಲಿ ಹೋಗುವುದು ಹೇಗೆ ಎಂದ.

ಟರ್ಕಿಯ ಫೆತಿಯೆ ಎಂಬ ಊರಿನ ಬಂದರಿನ ಧಕ್ಕೆಗೆ ಕಟ್ಟಿ ಹಡಗನ್ನು ನಿಲ್ಲಿಸಿದ್ದರು. ಚಿತ್ರದಲ್ಲಿದ್ದುದಕ್ಕಿಂತ ಚಿಕ್ಕದು, ಚಿತ್ರದಲ್ಲಿದ್ದುದಕ್ಕಿಂತ ಚೆಂದದ್ದು. ಹತ್ತುವವರ ಚಪ್ಪಲಿ ಹಾಕಲು ಒಂದು ಬುಟ್ಟಿ ಇಟ್ಟಿದ್ದರು, ಆದರೆ ಕುಸುಮ ಅದನ್ನು ನೋಡುವ ಮೊದಲೇ ದಡದಲ್ಲೇ ಚಪ್ಪಲಿ ಕಳಚಿದ್ದಳು. ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲಿಟ್ಟಳು. ಕಿವಿ ಹಿಂಡಲು ಯಾರೂ ಬರಲಿಲ್ಲ.

ಬೋಜನಿಗೆ ಬಾಯಿ ಮುಚ್ಚಿಕೊಂಡಿರಲು ಅಲ್ಲೂ ಆಗಲಿಲ್ಲ. ದಪ್ಪ ಮೀಸೆಯ ಕ್ಯಾಪ್ಟನ್ ಕೈ ಕುಲುಕಿದ್ದೇ ತಡ, "ಮೈ ಫಾದರ್, ಗ್ರ್ಯಾಂಡ್‌ಫಾದರ್, ಆಲ್ ಸೀ. ಮೀ ಆಲ್ಸೋ ಸೀ," ಎಂದ. ಕ್ಯಾಪ್ಟನ್ ಸಂತೋಷದಿಂದ ಅವನನ್ನು ಅಪ್ಪಿಕೊಂಡ. ಹಡಗಿನ ತೀರಾ ಮುಂದಿನ ಕೋಣೆ ಎಲ್ಲಕ್ಕಿಂತ ಹೆಚ್ಚು ಏಳುತ್ತ ಬೀಳುತ್ತ ಇರುತ್ತದೆ, ಅದನ್ನು ಒಂದು ಮುದಿ ಜೋಡಿಗೆ ಕೊಟ್ಟು ಆತ ಚಿಂತೆಯಲ್ಲಿದ್ದ. ಬೆಸ್ತನೊಬ್ಬ ಸಿಕ್ಕ ಮೇಲೆ ಚಿಂತೆ ಯಾಕೆ. ನಡುವಿನ ಕೋಣೆ ಮುದುಕರಿಗೆ, ಮುಂದಿನದು ಬೋಜನಿಗೆ. ವಾಂತಿಯ ಮಾತ್ರೆ ಹಂಚುತ್ತ ಬಂದವನಿಗೂ ಬೋಜ ಬೇಡವೆಂದು ಕೈಯಾಡಿಸಿದ.

ಬಂದರು ದಾಟಿ ಅರ್ಧ ಗಂಟೆ ಆಗಿರಲಿಲ್ಲ, ಮೀ ಆಲ್ಸೋ ಸೀ ಎಂದವನು ಬಕೆಟ್ಟಿನೊಳಗೆ ಮುಖವಿಟ್ಟು ಮಲಗಿದ್ದ. ಆ ದಿನವಿಡೀ ಏಳಲಿಲ್ಲ. ಕುಸುಮ ಲಿಂಬೆಹಣ್ಣು ಮೂಸಲು ಕೊಟ್ಟಳು, ಬೆನ್ನು ಸವರಿದಳು, ಪೆಟ್ಟಿಗೆ ಬಿಚ್ಚಿ ಅವಲಕ್ಕಿ ತಿನ್ನಿಸಲು ನೋಡಿದಳು. ನಡುವೆ ಮೇಲೆ ಬಂದಾಗ ನೋಡಿದರೆ ಹಡಗು ಇಂಜಿನ್ ಹಾಕಿಕೊಂಡು ಗುರುಗುಟ್ಟುತ್ತ ಹೋಗುತ್ತಿತ್ತು, ಹಾಯಿಗಳು ಸುತ್ತಿಟ್ಟಲ್ಲೇ ಇದ್ದವು. ಕ್ಯಾಪ್ಟನ್ ಆಕಾಶ ತೋರಿಸಿ, ಇವತ್ತು ಗಾಳಿ ಇಲ್ಲ, ಕಲ್ಕನ್ ದಾಟಿದ ಮೇಲೆ ಸಿಗಬಹುದು ಎಂದ. ಕಲ್ಕನ್ ಎಂದರೆ ಮರುದಿನ ಬೆಳಿಗ್ಗೆ ನಿಲ್ಲುವ ಊರು.

ಕಲ್ಕನ್‌ನಲ್ಲಿ ನೆಲಕ್ಕೆ ಕಾಲಿಟ್ಟದ್ದೇ ಬೋಜನ ಮುಖಕ್ಕೆ ರಕ್ತ ಬಂತು. ಧಕ್ಕೆಯ ಚಾದಂಗಡಿಯಲ್ಲಿ ಕೂತು ಎರಡು ಲೋಟ ಚಾ ಕುಡಿದು ಹೇಳಿದ, "ಸಾಮಾನು ಇಳಿಸುವ. ಇಲ್ಲಿಂದ ಫೆತಿಯೆಗೆ ಬಸ್ಸುಂಟಂತೆ. ಎರಡು ದಿನ ಹೋಟೆಲಲ್ಲಿದ್ದು ಮಸ್ಕತ್ತಿಗೆ ಹೋಗುವ."

"ಹಾಯಿ ಇನ್ನೂ ಬಿಚ್ಚಲಿಲ್ಲ," ಎಂದಳು ಕುಸುಮ.

"ಹಾಯಿಯಲ್ಲಿ ಎಂತ ನೋಡ್ಲಿಕ್ಕುಂಟು? ಬಟ್ಟೆ."

ಕುಸುಮ ಅವನನ್ನೇ ನೋಡಿದಳು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು, ನೋವಿಲ್ಲ, ಮೀಟಿಂಗುಂಟು ಎನ್ನುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು.

"ನೀವು ಕಡಲಿಗೆ ಹೋದದ್ದು ಎಷ್ಟು ಸಮಯ? ಸರಿಯಾಗಿ ಹೇಳಿ."

ಬೋಜ ಲೋಟ ತಿರುಗಿಸುತ್ತ ಕೂತ. "ಒಂದು ದಿನ," ಎಂದ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಅಪ್ಪ ದೋಣಿಗೆ ಹತ್ತಿಸಿಕೊಂಡಿದ್ದ. ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲೇ ವಾಂತಿ ಸುರುವಾಯಿತು. ನಿಲ್ಲಲೇ ಇಲ್ಲ. ಬಲೆ ಬೀಸದೆ ದೋಣಿ ತಿರುಗಿಸಬೇಕಾಯಿತು, ಜೊತೆಗಿದ್ದವರೆಲ್ಲರ ಒಂದು ದಿನದ ಮೀನು ಹೋಯಿತು. ಅಪ್ಪ ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಅವನನ್ನು ಎಬ್ಬಿಸಲೂ ಇಲ್ಲ. ಆಮೇಲೆ ದಡದಲ್ಲಿ ಹಗ್ಗ ಎಳೆಯುವುದು, ಬಲೆ ಹೆಣೆಯುವುದು ಇಷ್ಟೇ ಅವನ ಪಾಲಿಗೆ ಬಂದದ್ದು.

"ದುಡ್ಡಿಗೆ ಗಲ್ಫಿಗೆ ಬಂದ ಅಂತ ಎಲ್ಲರೂ ತಿಳಿದಿದ್ದಾರೆ. ನಾನು ಕಡಲು ಬೇಡ ಅಂತ ಬಂದದ್ದು. ಮಸ್ಕತ್ತಿನಲ್ಲಿಯೂ ಕಡಲೇ ಎದುರು ಬಂತು."

ಕುಸುಮಳಿಗೆ ಅಯ್ಯೋ ಅನಿಸಿತು. ಹದಿನಾರರ ಹುಡುಗ ಹಾಸಿಗೆಯಲ್ಲಿ ಎಚ್ಚರವಾಗಿದ್ದು, ಅಪ್ಪ ಕರೆಯದೆ ಹೋಗುವುದನ್ನು ಕೇಳಿಸಿಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಅವನ ಕೈ ಮೇಲೆ ಕೈಯಿಡಲು ಹೊರಟವಳು ಅರ್ಧದಲ್ಲೇ ನಿಲ್ಲಿಸಿದಳು. ಬೇರೊಂದು ವಿಷಯ ತಲೆಗೆ ಹೊಳೆಯಿತು.

"ಹಾಗಾದ್ರೆ ಡಾಲ್ಫಿನ್ ನೋಡ್ಲಿಕ್ಕೆ ಹೋದ ದಿನ? ಮತ್ರಾದಲ್ಲಿ? ನಮ್ಮ ಹೆಂಗಸರು ಹತ್ತುವುದಿಲ್ಲ ಅಂದದ್ದು?"

"ನೀನು ಹತ್ತಿದ್ರೆ ನಾನೂ ಹತ್ತಬೇಕಲ್ಲ," ಎಂದ ಬೋಜ.

ಅವಳಿಗೆ ಬಂದದ್ದು ಅಂತಿಂಥ ಸಿಟ್ಟಲ್ಲ. ಕಟ್ಟಳೆ ಎಂದು ನಂಬಿ ಒಪ್ಪಿಕೊಂಡಿದ್ದಳು, ಅಜ್ಜಿಯ ಮಾತೆಂದು ತಲೆ ಬಾಗಿದ್ದಳು. ಈಗ ನೋಡಿದರೆ ಅದು ಅಜ್ಜಿಯೂ ಅಲ್ಲ, ದೇವರೂ ಅಲ್ಲ, ಒಬ್ಬ ಗಂಡಸಿನ ನಾಚಿಕೆ. ಅದನ್ನು ಮುಚ್ಚಿಡಲು ಇಷ್ಟು ವರ್ಷ ತಾನು ದಡದಲ್ಲಿ ಕೂತು ಬೇರೆಯವರ ಬ್ಯಾಗು ಕಾದಿದ್ದಳು.

ಅವಳು ಕೂಗಾಡಲಿಲ್ಲ. ಲೋಟದ ಚಾ ಪೂರ್ತಿ ಕುಡಿದು ಕೆಳಗಿಟ್ಟಳು.

"ನೀವು ಇಳಿಯಿರಿ. ನಾನು ಇಳಿಯುವುದಿಲ್ಲ."

"ಒಬ್ಬಳೇ ಹೋಗ್ತೀಯಾ?"

"ಹಡಗಲ್ಲಿ ಜನ ಉಂಟು."

"ಹಮ್ರಿಯಾದಲ್ಲಿ ಗೊತ್ತಾದ್ರೆ ನಗ್ತಾರೆ ಮಾರಾಯ್ತಿ."

"ನಗಲಿ. ನಂಗೆ ಸಾಕಾಗಿದೆ."

ಹೇಳುವಾಗಿನ ಧೈರ್ಯ ಹಲಗೆ ಹತ್ತುವಾಗ ಇರಲಿಲ್ಲ. ಮದುವೆಯಾದಂದಿನಿಂದ ಅವನನ್ನು ಬಿಟ್ಟು ಒಬ್ಬಳೇ ಸೊಹಾರಿನ ಬಸ್ಸನ್ನೂ ಹತ್ತಿದವಳಲ್ಲ. ಹಗ್ಗ ಬಿಚ್ಚಿದರು, ದಡ ಜಾರತೊಡಗಿತು. ಬೋಜ ಕೈಯಲ್ಲಿ ಬ್ಯಾಗು ಹಿಡಿದುಕೊಂಡು ನಿಂತಿದ್ದ. ಕೈಬೀಸಲಿಲ್ಲ. ಅವಳೂ ಬೀಸಲಿಲ್ಲ. ಫೆತಿಯೆಗೆ ಹೋಗಿ, ಅಲ್ಲಿಂದ ಮಗಳಿಗೆ ಫೋನು ಮಾಡಿ, ನಿನ್ನ ಅಮ್ಮನಿಗೆ ತಲೆ ಕೆಟ್ಟಿದೆ ಎನ್ನುತ್ತಾನೆ ಎಂದುಕೊಂಡಳು. ಇಷ್ಟು ವಯಸ್ಸಾದ ಮೇಲೆ ಸಂಸಾರ ಮುರಿದುಕೊಂಡೆನೇ ಎಂಬ ಹೆದರಿಕೆಯೂ ಒಮ್ಮೆ ಹಾದುಹೋಯಿತು.

ಊರು ಮರೆಯಾಗಿ ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ಗಾಳಿ ಬಂತು. ಕ್ಯಾಪ್ಟನ್ ಏನೋ ಕೂಗಿದ, ಕೆಲಸದವರು ಕಂಬದ ಬುಡಕ್ಕೆ ಓಡಿದರು. ಹಗ್ಗ ಎಳೆಯಲು ಯಾರು ಬರುತ್ತೀರಿ ಎಂದು ಕೇಳಿದಾಗ ಕುಸುಮ ಎಲ್ಲರಿಗಿಂತ ಮೊದಲು ಎದ್ದು ನಿಂತಳು. ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಎಳೆದಳು. ಅಂಗೈ ಉರಿಯಿತು. ಬಿಳಿಯ ಹಾಯಿ ಮೇಲೇರುತ್ತ ಒಮ್ಮೆ ಪಟಪಟ ಬಡಿದುಕೊಂಡು, ಗಾಳಿ ತುಂಬಿ, ಹೊಟ್ಟೆ ತುಂಬಿದ ಮಗುವಿನ ಹಾಗೆ ಸುಮ್ಮನಾಯಿತು.

ಆಗ ಕ್ಯಾಪ್ಟನ್ ಇಂಜಿನ್ ಬಂದ್ ಮಾಡಿದ.

ಅಂಥ ಸದ್ದಿಲ್ಲದ ಹೊತ್ತನ್ನು ಕುಸುಮ ಎಲ್ಲೂ ಕಂಡಿರಲಿಲ್ಲ. ಎಸಿಯ ಗುಂಯ್ ಇಲ್ಲ, ರಸ್ತೆ ಇಲ್ಲ, ಫೋನಿಲ್ಲ. ಹಲಗೆಯ ಕೆಳಗೆ ನೀರು ಸರಿಯುವ ಸಪ್ಪಳ ಮಾತ್ರ. ಹಡಗು ಒಂದು ಮಗ್ಗುಲಿಗೆ ವಾಲಿ ತಾನಾಗಿಯೇ ಹೋಗುತ್ತಿತ್ತು. ಅಪ್ಪ ದಿನಾ ಕಾಣುತ್ತಿದ್ದದ್ದು ಇದನ್ನೇ, ಮನೆಗೆ ಬಂದು ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಅಪ್ಪನ ಮೇಲೂ ಹುಸಿಮುನಿಸು ಬಂತು. ಮುಖಕ್ಕೆ ಹಾರಿದ ಉಪ್ಪುನೀರಿನಲ್ಲಿ ಕಣ್ಣಿನದೂ ಇತ್ತು. ಅವಳು ಒರೆಸಿಕೊಳ್ಳಲು ಹೋಗಲಿಲ್ಲ. ತುಂಬ ಸುಖವಾಗಿದ್ದಳು. ಆ ಸುಖದ ನಡುವೆಯೇ, ಹದಿನಾರನೇ ವಯಸ್ಸಿನಲ್ಲಿ ಇದನ್ನು ಕಳೆದುಕೊಂಡ ಬೋಜನ ನೆನಪಾಗಿ ಸಿಟ್ಟು ಒಂಚೂರು ಸಡಿಲಾಯಿತು. ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ.

ಸಂಜೆಗೆ ಕಾಶ್ ಎಂಬ ಊರಿನ ಬಂದರು ಸಿಕ್ಕಿತು. ಹಾಯಿ ಇಳಿಸಿ, ಹಡಗು ಹಿಮ್ಮುಖವಾಗಿ ಮೆಲ್ಲಗೆ ಧಕ್ಕೆಗೆ ಬರುತ್ತಿತ್ತು. ಕೆಲಸದವನು ಹಗ್ಗದ ಸುರುಳಿ ಹಿಡಿದು ದಡದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ. ಚೌಕುಳಿ ಅಂಗಿಯ ಒಬ್ಬ ಮನುಷ್ಯ ಎರಡೂ ಕೈ ಎತ್ತಿ ಮುಂದೆ ಬಂದ. ಹಾರಿ ಬಂದ ಹಗ್ಗವನ್ನು ಗಾಳಿಯಲ್ಲೇ ಹಿಡಿದು, ಕಬ್ಬಿಣದ ಗೂಟಕ್ಕೆ ಸುತ್ತು ಹಾಕಿ, ಒದ್ದು ಬಿಗಿ ಮಾಡಿ ನಿಂತ. ಬೋಜ.

ಕುಸುಮ ರಾತ್ರಿಯವರೆಗಾದರೂ ಮುಖ ಗಂಟು ಹಾಕಿಕೊಂಡೇ ಇರಬೇಕೆಂದಿದ್ದಳು. ಅವನನ್ನು ಕಂಡದ್ದೇ ಎದೆಯ ಭಾರ ಇಳಿದು, ಗಂಟು ಹಾಕಲು ಮುಖವೇ ಕೇಳಲಿಲ್ಲ.

"ಫೆತಿಯೆಗೆ ಹೋಗ್ಲಿಲ್ವಾ?"

"ಹೊರಟಿದ್ದೆ. ಈ ಕಡೆಯ ಬಸ್ಸು ಮೊದ್ಲು ಬಂತು."

ಇದೂ ಸುಳ್ಳೆಂದು ಅವಳಿಗೆ ತಿಳಿಯಿತು. ಈ ಸುಳ್ಳನ್ನು ಇರಲಿ ಎಂದು ಬಿಟ್ಟಳು.

"ಹೇಗಿತ್ತು?" ಎಂದು ಅವನೇ ಕೇಳಿದ.

ಧಕ್ಕೆಯ ಕಲ್ಲುಬೆಂಚಿನ ಮೇಲೆ ಕೂತು ಅವಳು ಹೇಳತೊಡಗಿದಳು. ಗಾಳಿ ಬಂದದ್ದು, ತಾನು ಹಗ್ಗ ಎಳೆದದ್ದು, ಇಂಜಿನ್ ನಿಂತದ್ದು, ಹಡಗು ಮಗ್ಗುಲಿಗೆ ವಾಲಿದ್ದು. ಬೋಜ ನಡುವೆ ಬಾಯಿ ಹಾಕಲಿಲ್ಲ, ತನ್ನ ತೆರೆಗಳನ್ನು ಎಬ್ಬಿಸಲಿಲ್ಲ. ಅವಳ ಕೆಂಪಾದ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೇಳಿದ. ಹೆಂಡತಿಯ ಮಾತನ್ನು ಅವನು ಇಷ್ಟು ಉದ್ದಕ್ಕೆ ಕೇಳಿದ್ದು ಅದೇ ಮೊದಲು. ಅವಳು ಮಾತು ಮುಗಿಸಿದ ಮೇಲೆ ಎದ್ದು ನಿಂತ.

"ನಾಳೆ ನಿಮ್ಮ ಹಡಗು ಯಾವ ಊರಲ್ಲಿ ನಿಲ್ಲುವುದು, ಕ್ಯಾಪ್ಟನ್ ಹತ್ರ ಕೇಳಿ ಹೇಳು," ಎಂದ. "ನಂಗೆ ಬಸ್ಸು ನೋಡ್ಬೇಕಲ್ಲ."