ಮೊದಲು ತಲೆಕಟ್ಟು

ಅವರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಮಡಚಿಕೊಳ್ಳುತ್ತಲೇ ಇರಲಿಲ್ಲ. ಹಲಗೆಗೆ ಅದನ್ನು ಊರಿ ಬ್ರಷ್ ಎಳೆದೂ ಎಳೆದೂ ಹಾಗಾಗಿತ್ತು. ಕಾಫಿ ಕುಡಿಯುವಾಗಲೂ ನೆಟ್ಟಗೆ ನಿಂತಿರುತ್ತಿತ್ತು, ಉಗುರಿನ ಸುತ್ತ ಒಣಗಿದ ಕೆಂಪು ಪೇಂಟಿನೊಡನೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನಮ್ಮ ರಸ್ತೆಯ ಕೊನೆಯ ತಗಡಿನ ಶೆಡ್ಡಿನಲ್ಲಿ ಅವರು ಅಂಗಡಿಗಳಿಗೂ ಬಸ್ಸುಗಳಿಗೂ ಬೋರ್ಡು ಬರೆಯುತ್ತಿದ್ದರು. ನಮಗೆ ಅವರು ಬೋರ್ಡ್ ಮಾಮ.

ನನ್ನ ತಂಗಿಗೆ ಆಗ ಎಂಟು ವರ್ಷ. ಮಾತು ಕಡಿಮೆ, ಆಡಿದರೂ ನಾವು ಹೇಳಿದ್ದನ್ನೇ ತಿರುಗಿ ಹೇಳುವಳು. ಈಗ ಅದಕ್ಕೆ ಆಟಿಸಂ ಎಂಬ ಹೆಸರಿದೆ, ಥೆರಪಿ ಇದೆ. ಆಗ ಇದ್ದದ್ದು ನೆಂಟರ ಬಾಯಿಯ ‘ಒಂಥರಾ ಹುಡುಗಿ’ ಮಾತ್ರ. ಮನೆಪಾಠದ ಮೇಷ್ಟ್ರು ಅವಳ ಕೈ ಹಿಡಿದು ತಿದ್ದಿಸಲು ಹೋದರು. ಯಾರು ಮುಟ್ಟಿದರೂ ಕಿರುಚುವ ಹುಡುಗಿ, ಕಿರುಚಿದಳು. ‘ಇದಕ್ಕೆ ವಿದ್ಯೆ ಹತ್ತಲ್ಲ’ ಎಂದು ಎದ್ದುಹೋದರು. ಇದಕ್ಕೆ. ಆ ಪದ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾಮ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಹಲಗೆಯ ಮೇಲೆ ಬಿಗಿಯಾಗಿ ಹಿಡಿದು ಮೀಟುವರು. ಟಪ್ ಎಂದು ಬಿಳಿ ಗೆರೆ ಬೀಳುವುದು. ಆ ಸದ್ದಿಗಾಗಿ ತಂಗಿ ದಿನವೂ ಹೋಗಿ ಕೂರುತ್ತಿದ್ದಳು. ಒಂದು ದಿನ ಅವಳ ಮುಂದೆಯೂ ಗೆರೆ ಹೊಡೆದ ಹಲಗೆ, ಒಂದು ಚಾಕ್‌ಪೀಸು ಇಟ್ಟು ತಮ್ಮ ಕೆಲಸಕ್ಕೆ ತಿರುಗಿದರು.

“ಕೈ ಹಿಡಿದು ಹೇಳಿಕೊಡಲ್ವಾ ಮಾಮ?” ಎಂದೆ.

“ಕೈ ಯಾಕೆ ಹಿಡೀಬೇಕು ಅಮ್ಮಣ್ಣಿ? ಗೆರೆ ಇದೆಯಲ್ಲ, ಅದು ಹಿಡ್ಕೊಳ್ಳುತ್ತೆ.”

ಅವರದು ವಿಚಿತ್ರ ಕ್ರಮ. ಜಾಗದ ಲೆಕ್ಕ ತಪ್ಪದಿರಲೆಂದು ಮೊದಲು ಗೆರೆಯುದ್ದಕ್ಕೂ ತಲೆಕಟ್ಟುಗಳನ್ನೇ ಹಾಕಿ, ಆಮೇಲೆ ಕೆಳಗಿನ ಅಕ್ಷರ ತುಂಬುವರು. “ಮೊದ್ಲು ಎಲ್ರಿಗೂ ಟೋಪಿ ಹಾಕ್ಬಿಡ್ತೀನಿ” ಎನ್ನುವರು. ತಂಗಿ ಅದನ್ನೇ ಕಲಿತು, ಮನೆಗೆ ಬಂದ ಅಪ್ಪನ ಆಫೀಸರ ಮುಂದೆ “ಟೋಪಿ ಹಾಕ್ಬಿಡ್ತೀನಿ” ಎಂದಳು. ಆರು ತಿಂಗಳಲ್ಲಿ ಬಸ್ಸಿನ ಬೋರ್ಡಿನ ‘ಜಯನಗರ’ವನ್ನು ಅಚ್ಚಿನ ಹಾಗೆ ಬರೆದಳು.

ಆ ಧೈರ್ಯದ ಮೇಲೆ ಅಪ್ಪ ಅವಳನ್ನು ಒಂದು ಸ್ಕೂಲಿಗೆ ಸೇರಿಸಲು ಕರೆದೊಯ್ದರು. ಕಾನ್ವೆಂಟ್ ಯೂನಿಫಾರ್ಮಿನಲ್ಲಿ ನಾನೂ ಹೋದೆ, ಅಪ್ಪನ ಪರವಾಗಿ ಇಂಗ್ಲಿಷ್ ಮಾತಾಡಲೆಂದು. ಹೆಡ್‌ಮಿಸ್ಸು ಕನ್ನಡದವರೇ. ಸ್ಲೇಟು ಕೊಟ್ಟು, ಏನಾದರೂ ಬರೆಯಲಿ ಎಂದರು. ತಂಗಿ ಸ್ವಲ್ಪ ಜಾಗ ಬಿಟ್ಟು ಸಾಲಾಗಿ ನಾಲ್ಕು ತಲೆಕಟ್ಟು ಹಾಕಿದಳು. ‘ಜಯನಗರ’ದ ‘ಜ’ಕ್ಕೆ ತಲೆಕಟ್ಟಿಲ್ಲ, ಬಿಟ್ಟ ಜಾಗ ಅದರದು. ಅಷ್ಟು ಸರಿಯಾಗಿ ಅವಳಿಗೆ ಗೊತ್ತಿತ್ತು.

“ಶೀ ಈಸ್ ಜಸ್ಟ್ ಸ್ಕ್ರಿಬ್ಲಿಂಗ್. ಗೀಚಿದ್ದು ಸಾಕು,” ಎಂದು ಸ್ಲೇಟು ಕಿತ್ತುಕೊಂಡರು. ಅಪ್ಪ ತಲೆ ತಗ್ಗಿಸಿ ಎದ್ದರು. ನಾನು, ಇಂಗ್ಲಿಷ್ ಬಲ್ಲವಳು, “ಸಾರಿ ಮಿಸ್” ಎಂದೆ.

ಮಾಮನಿಗೆ ನಾನೇ ಎಲ್ಲ ಹೇಳಿದೆ. ಬೇಸಿಗೆಯಲ್ಲಿ ಅದೇ ಸ್ಕೂಲಿನ ಕಾಂಪೌಂಡಿಗೆ ಕನ್ನಡ ಬೋರ್ಡು ಬರೆಯುವ ಕೆಲಸ ಅವರಿಗೆ ಬಂತು. ಉದ್ದಕ್ಕೂ ತಲೆಕಟ್ಟು ಹಾಕಿ, ಏಣಿ ಇಳಿದು ಬ್ರಷ್ ತೊಳೆಯತೊಡಗಿದರು. ತಂಗಿ, ನಾನು ರಸ್ತೆಯಾಚೆ ನಿಂತಿದ್ದೆವು.

“ವಾಟ್ ಈಸ್ ದಿಸ್? ಅಕ್ಷರ ಎಲ್ರೀ?” ಎಂದರು ಹೆಡ್‌ಮಿಸ್ಸು.

“ನೀವು ಸ್ಲೇಟ್ ಕಿತ್ಕೊಂಡಾಗ ಆ ಮಗೂನೂ ಇಷ್ಟೇ ಬರೆದಿದ್ದು ಅಮ್ಮಾವ್ರೇ. ಗೀಚಿದ್ದು ಸಾಕು ಅಂದ್ರಂತಲ್ಲ, ನಾನೂ ಸಾಕು ಮಾಡಿದೀನಿ.”

ಮರುವಾರ ಬೇರೆಯವರು ಬಂದು ಬರೆದರು. ತಂಗಿಗೆ ಸೀಟು ಸಿಗಲಿಲ್ಲ. ಆ ಶೆಡ್ಡೇ ಅವಳ ಸ್ಕೂಲಾಯಿತು. ನನ್ನ ಮದುವೆಯಾದ ವರ್ಷ ಮಾಮ ಎದೆನೋವಿನಿಂದ ತೀರಿಕೊಂಡರು. ಶೆಡ್ಡಿನ ಬಾಗಿಲಿಗೆ ಬೀಗ ಬಿದ್ದ ಮೇಲೂ ತಂಗಿ ಬಹಳ ದಿನ ಅದರ ಮುಂದೆ ಹೋಗಿ ಕೂರುತ್ತಿದ್ದಳು.

ಮೊನ್ನೆ ಬ್ಯಾಂಕಿನಲ್ಲಿ ಅವಳು ಸಹಿಗೆಂದು ಎರಡು ತಲೆಕಟ್ಟು ಹಾಕಿದ್ದಳಷ್ಟೆ. ಕೌಂಟರಿನ ಹುಡುಗಿ, “ಬರಲ್ಲಾಂದ್ರೆ ಹೆಬ್ಬೆಟ್ಟು ಒತ್ತಿಸ್ಬಿಡಿ ಆಂಟಿ” ಎಂದು ಫಾರಂ ಎಳೆದುಕೊಳ್ಳಲು ಕೈ ಚಾಚಿದಳು. ನಾನು ಫಾರಂ ಮೇಲೆ ಅಂಗೈ ಊರಿದೆ.

“ಅವಳು ಇನ್ನೂ ಬರೀತಿದಾಳೆ. ವೇಟ್ ಮಾಡಿ,” ಎಂದೆ.

ಅರವತ್ತು ವರ್ಷ ತಡವಾಗಿ.