ಬದುವಿನ ಮೇಲೆ ಬರಿಗಾಲು

೨೦೧೧ರ ಆಗಸ್ಟ್ ೧೭, ಬುಧವಾರ. ಆಧಾರ: ಯಲಹಂಕದ ಪ್ರಯೋಗದ ಗದ್ದೆಯಲ್ಲಿ ನಾನು ಬರೆದಿಟ್ಟ ದಿನಚರಿ, ಎರಡನೆಯ ಪುಸ್ತಕ. ಅಂದಿನ ಪುಟ ಹೀಗಿದೆ: ‘ಕೆಳಬದುವಿನಲ್ಲಿ ಏಡಿ ಬಿಲಗಳು. ಪತ್ತೆ ಮಾಡಿದವರು ಮುನಿಯಪ್ಪ, ಅಂಗಾಲಿನಿಂದ.’

ಅಂಗಾಲಿನಿಂದ ಎಂಬುದು ಉತ್ಪ್ರೇಕ್ಷೆಯಲ್ಲ. ಅಬ್ಬಿಗೆರೆಯ ಮುನಿಯಪ್ಪನವರದು ನೀರುಗಂಟಿಗಳ ಮನೆತನ; ಕೆರೆಯ ತೂಬು ಎತ್ತಿ ಊರಿನ ಗದ್ದೆಗಳಿಗೆ ನೀರು ಹಂಚುವುದು ತಲೆಮಾರುಗಳ ಕಸುಬು. ಆ ಗದ್ದೆಗಳೆಲ್ಲ ಸೈಟುಗಳಾದ ಮೇಲೆ ನಮ್ಮಲ್ಲಿ ದಿನಗೂಲಿಗೆ ಸೇರಿದ್ದರು. ಚಪ್ಪಲಿಯನ್ನು ಸೈಕಲ್ಲಿಗೆ ಸಿಕ್ಕಿಸಿ ಬದುವಿನ ಮೇಲೆ ನಡೆಯುವರು. ಒಳಗೆ ನೀರು ಜಿನುಗುವ ಕಡೆ ಕಾಲು ತಾನೇ ನಿಲ್ಲುತ್ತಿತ್ತು.

ಆ ವರ್ಷ ಗದ್ದೆಯ ಕೆಳಗಿನ ಕುಂಟೆ ಹಸಿರು ಪಾಚಿ ಕಟ್ಟಿ ನಾರತೊಡಗಿತ್ತು. ನಾವು ನಿಂತ ನೀರಿಗೆ ಎರಚುತ್ತಿದ್ದ ಯೂರಿಯಾದ ಸಾರಜನಕ ಬದು ದಾಟಿ ಅಲ್ಲಿಗಿಳಿಯುತ್ತಿದೆ ಎಂಬ ದೂರು. ಕೊಯ್ಲಿನೊಳಗೆ ಕುಂಟೆ ತಿಳಿಯಾಗದಿದ್ದರೆ ಇಲ್ಲಿ ಇನ್ನು ಭತ್ತವೇ ಬೇಡವೆಂದು ಮೇಲಧಿಕಾರಿಗಳು ತೀರ್ಮಾನಿಸಿದರು. ಭತ್ತವಿಲ್ಲದ ಕಡೆ ನೀರುಗಂಟಿಗೇನು ಕೆಲಸ?

“ನೀವು ಉಣ್ಣಿಸ್ತಿರೋದು ಪೈರಿಗಲ್ಲ ಸಾಮಿ, ಕುಂಟೆಗೆ,” ಎಂದರು ಮುನಿಯಪ್ಪ. ಗದ್ದೆಯ ನೀರು ಇಳಿಸಿ, ಹಸಿಮಣ್ಣಿನಲ್ಲಿ ಒಂದು ದಿನ ಬೆರೆಸಿಟ್ಟ ಯೂರಿಯಾವನ್ನು ಕೆಸರಿಗೆ ಕೊಟ್ಟು, ಎರಡು ದಿನ ಬಿಟ್ಟು ನೀರು ಹಾಯಿಸಿ, ನೀರು ಹೊರಬೀಳುವ ಬದುವಿನ ಬಾಯಿಯನ್ನು ಮುಚ್ಚುವುದು ಅವರ ಪದ್ಧತಿ. ಹಾಗೆಯೇ ಮಾಡಿದೆವು. ಆದರೂ ಪ್ರಯೋಗಾಲಯದ ಯಂತ್ರದ ಲೆಕ್ಕದಲ್ಲಿ ಕುಂಟೆಯ ಸಾರಜನಕ ಇಳಿಯಲಿಲ್ಲ. ನೀರಿನ ಮಾದರಿ ತುಂಬುವ ಸೀಸೆ ಸರಿಯಾಗಿ ತೊಳೆದಿಲ್ಲವೆಂದು ನಾನು ಅಲ್ಲಿಯವರನ್ನು ಗದರಿಕೊಂಡೆ. ಮುನಿಯಪ್ಪ ಕೆಳಬದುವಿನ ಮೇಲೆ ನಡೆದರು, ನಿಂತರು, ಗುದ್ದಲಿ ಹಾಕಿದರು. ಏಳು ಬಿಲ.

“ಅಷ್ಟ್ ದೊಡ್ ಮಿಸಿನ್ನು, ಏಡಿ ಕಾಣಾಕಿಲ್ವಾ ಸಾಮಿ?”

“ಅದು ನೀರು ನೋಡೋ ಮಿಷನ್ ಕಣ್ರೀ ಮುನಿಯಪ್ಪ.”

“ಅಂಗಾರೆ ನೀರು ಓಗೋ ದಾರಿ ನಾನ್ ನೋಡ್ಕತೀನಿ ಬುಡಿ,” ಎಂದು ಹಿಮ್ಮಡಿಯಿಂದ ಜೇಡಿಮಣ್ಣು ಮೆಟ್ಟಿದರು.

ಎರಡನೆಯ ಸಲ ಗೊಬ್ಬರ ಕೊಟ್ಟ ಬೆನ್ನಲ್ಲೇ ಜಡಿಮಳೆ ಹಿಡಿಯಿತು. ಬದುವಿನ ಬಾಯಿ ತೆರೆದರೆ ಗೊಬ್ಬರವೆಲ್ಲ ಕುಂಟೆಗೆ. ಮುಚ್ಚಿಟ್ಟರೆ ಬದುವೇ ಒಡೆಯುವ ಭಯ. ಮುನಿಯಪ್ಪ ಗೋಣಿಚೀಲ ಹೊದ್ದು, ಮಳೆ ನಿಲ್ಲುವವರೆಗೆ ಬದುವಿಗೆ ಮಣ್ಣು ಏರಿಸುತ್ತಲೇ ಇದ್ದರು. ಬದು ನಿಂತಿತು.

ಕೊಯ್ಲಿನ ವಾರ ಅವರು ಕುಂಟೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಮೇಲಧಿಕಾರಿಗಳ ಮುಂದೆ ಹಿಡಿದರು. “ಕೈ ಗೆರೆ ಎಣಿಸ್ಕಳಿ ಸಾಮಿ!” ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಭತ್ತ ಉಳಿಯಿತು. ನಾನು ನಿವೃತ್ತನಾಗುವವರೆಗೂ ಬೆಳೆ ಬೆಳೆಗೂ ಕುಂಟೆ ತಿಳಿಯಾಗಿಯೇ ಇತ್ತು.

೨೦೧೮ರಲ್ಲಿ, ಅಬ್ಬಿಗೆರೆಯ ಅವರ ಮನೆಯಲ್ಲಿ, ಕಡೆಯ ಭೇಟಿ. “ಆ ಮಳೇಲಿ ಬದುವಿನ ಬಾಯಿ ತೆಗೀಬೇಡಿ ಅಂದೆ, ನಿಮ್ಮ ತಾತ ತೆಗೀಲೇ ಇಲ್ಲ,” ಎಂದು ಮೊಮ್ಮಗಳಿಗೆ ಹೇಳಿದೆ. ಎಷ್ಟೋ ಸಭೆಗಳಲ್ಲಿ ಹೇಳಿದ್ದ ಮಾತೇ. ಮುನಿಯಪ್ಪ ನಕ್ಕು, “ಊ ಕಣಮ್ಮಿ, ಸಾಮೇರು ಏಳಿದ್ಕೇ ಬತ್ತ ಉಳೀತು,” ಎಂದರು. ಮರುವರ್ಷ ಅವರು ತೀರಿಕೊಂಡರು.

ಈ ಬರಹಕ್ಕಾಗಿ ನನ್ನ ನೆನಪನ್ನು ದಿನಚರಿಯೊಡನೆ ತಾಳೆ ನೋಡಿದೆ. ಆಗಸ್ಟಿನ ಪುಟ ತಾಳೆಯಾಯಿತು. ಸೆಪ್ಟೆಂಬರ್ ೮ರ ಪುಟ ಆಗಲಿಲ್ಲ. ನನ್ನದೇ ಕೈಬರಹ: ‘ಜಡಿಮಳೆ. ಬದು ಒಡೆಯುವ ಸಂಭವ. ಬಾಯಿ ತೆರೆಯುವಂತೆ ಮುನಿಯಪ್ಪನವರಿಗೆ ಎರಡು ಬಾರಿ ಸೂಚಿಸಿದೆ. ತೆರೆಯಲಿಲ್ಲ.’