ಗಂಡನಿಲ್ಲದ್ದಕ್ಕೆ ಹತ್ತು ಅಂಕ

ಗಂಡ ಸತ್ತವಳಿಗೆ ಅಂಕ ಹೆಚ್ಚು ಕೊಡುವ ದೇಶ ಎಂಥದ್ದಿರಬೇಕು? ಪರಿಮಳಾಗೆ ಅನುಮಾನ ಬಂತು.

ಅವಳು ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ಆರು ವರ್ಷದಿಂದ ನರ್ಸು. 'ನನಗೆ ಈ ಕೆಲಸ ಬರುತ್ತದೆ, ಅಲ್ಲಿಗೆ ಬರುವ ಆಸೆಯಿದೆ, ಕರೆಯಿರಿ' ಎಂದು ಆಸ್ಟ್ರೇಲಿಯಾ ಸರ್ಕಾರಕ್ಕೆ ತಿಳಿಸುವ ಅರ್ಜಿ ತುಂಬಿಸಲು ಶಹಾಪುರದ ಸಂಗಮನಾಥನ ಕಂಪ್ಯೂಟರ್ ಅಂಗಡಿಗೆ ಬಂದಿದ್ದಳು. ವಯಸ್ಸು, ಓದು, ಇಂಗ್ಲಿಷು, ಆರು ವರ್ಷದ ಅನುಭವ ಎಲ್ಲ ಕೂಡಿಸಿದರೆ ಅರವತ್ತು ಅಂಕ. ಅರವತ್ತೈದಾದರೂ ಇರದಿದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

"ಒಬ್ಬರೇ ಇದ್ರ ಇನ್ನ ಹತ್ತು ಬರ್ತಾವ್ರಿ ಅಕ್ಕಾರ," ಎಂದ ಸಂಗಮನಾಥ. "ಆದ್ರ ರೇಷನ್ ಕಾರ್ಡಿನ್ಯಾಗ ನಿಮ್ಮ ಮನಿಯವರ ಹೆಸರು ಇನ್ನಾ ಅದ. ಒಂದು ಕಾಗದದಾಗ ಸತ್ತಾರ, ಒಂದ್ರಾಗ ಬದುಕ್ಯಾರ. ನಾಳಿ ಸುಳ್ಳು ಅಂತಾರ. ತೆಗಸ್ರಿ. ಕಾರ್ಡು ಅತ್ತಿಯವರ ಹೆಸರಿಲೆ ಅದ, ಅವರ ಹೆಬ್ಬೆಟ್ಟು ಬೇಕು."

ಗಂಡ ಮರಿಲಿಂಗ ಸತ್ತು ಎರಡು ವರ್ಷ. ಅವನ ಪಾಲಿನ ಅಕ್ಕಿಯ ಆಸೆಗೆ ಅತ್ತೆ ಹೆಸರು ತೆಗೆಸಿಲ್ಲ ಎಂದೇ ಪರಿಮಳಾ ತಿಳಿದಿದ್ದಳು.

ಮರುದಿನ ವನದುರ್ಗದಿಂದ ಅತ್ತೆ ಲಾಲಮ್ಮ ಅಂಗಡಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹೆಸರು ಕಡದ ಮ್ಯಾಲ ಅಲ್ಲಿ ಹೋಗಿ ಇನ್ನೊಬ್ಬನ್ನ ಮಾಡ್ಕೊಂತಿ, ಹೌದಿಲ್ಲ?"

"ಅದಕ್ಕ ಅಷ್ಟು ದೂರ ಯಾಕ ಹೋಗ್ಲಿ ಅತ್ತಿ? ಸುರಪುರದಾಗ ಗಂಡಸರಿಲ್ಲೇನು?"

ಸಂಗಮನಾಥ ನಕ್ಕ. ಇಬ್ಬರೂ ಅವನ ಕಡೆ ನೋಡಿದರು. ನಗು ನಿಂತಿತು.

ಲಾಲಮ್ಮ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಯಂತ್ರ ಅದನ್ನು ತೆಗೆದುಕೊಳ್ಳಲಿಲ್ಲ. ನಾಲ್ಕು ಸಲ ಇಟ್ಟರೂ ಇಲ್ಲ.

"ಬೇಕಂತನ ಹಗುರ ಇಡಾಕತ್ತಿ," ಎಂದಳು ಪರಿಮಳಾ.

"ಹತ್ತಿ ಬಿಡಿಸಿ ಗೆರಿ ಸವದಾವ. ನೋಡು ಬೇಕಾರ."

ಪರಿಮಳಾ ಕೈ ಹಿಡಿದು ನೋಡಿದಳು. ಬೆರಳು ನುಣ್ಣಗಿತ್ತು. ದಿನಾ ನೂರು ಮಂದಿಯ ಕೈ ಹಿಡಿಯುವವಳು ಈ ಕೈ ನೋಡಿರಲಿಲ್ಲ. ಹಸಿ ಬಟ್ಟೆಯಿಂದ ಒರೆಸಿ, ತಾನೇ ಮೇಲಿಂದ ಒತ್ತಿ ಹಿಡಿದಳು. ಯಂತ್ರ ತೆಗೆದುಕೊಂಡಿತು. ಕಾರ್ಡಿನ ಮೂರು ಹೆಸರಿನಲ್ಲಿ ಎರಡು ಉಳಿದವು.

"ಇನ್ನ ಅಕ್ಕಿ ಕಮ್ಮಿ ಬರ್ತದ, ಅತ್ತಿ."

"ಅಕ್ಕಿಗಿ ಬೆಂಕಿ ಹಚ್ಚು. ತಿಂಗಳಿಗೊಮ್ಮಿ ರೇಷನ್ ಅಂಗಡ್ಯಾಂವ ನನ್ನ ಮಗನ ಹೆಸರು ಓದ್ತಿದ್ದ. ಮನಿಗಿ ಬಂದಾಗ ನೀ ಅಂತೂ ಒಮ್ಮಿನೂ ಎತ್ತಲಿಲ್ಲ."

ಹೆಸರೆತ್ತಿದರೆ ಮುದುಕಿ ಅಳುತ್ತಾಳೆಂದು ಪರಿಮಳಾ ಎತ್ತಿರಲಿಲ್ಲ. ಅದನ್ನು ಈಗ ಹೇಳಿದರೆ ಅವಳು ನಂಬುವುದೂ ಇಲ್ಲ.

ಸಂಗಮನಾಥ ಅರ್ಜಿ ತೆರೆದ. ಸಂಗಾತಿ ಇದ್ದಾರೆಯೇ ಎಂದು ಕೇಳಿತ್ತು. ಅವನು ಮೌಸಿಗೆ ಕೈ ಹಾಕಿದ.

"ತಡೀರಿ," ಎಂದಳು ಪರಿಮಳಾ. ಅವನನ್ನು ಎಬ್ಬಿಸಿ ತಾನು ಕೂತಳು. ಮೊದಲಿನಿಂದ ಒಂದೊಂದೇ ಸಾಲು ಓದಿದಳು. ಅವನು ಅನುಭವ ಎಂಟು ವರ್ಷ ಎಂದು ಬರೆದಿದ್ದ. ಆರು ಎಂದು ತಿದ್ದಿದಳು. ಸಂಗಾತಿಯ ಮುಂದೆ 'ಇಲ್ಲ' ಒತ್ತಿದಳು.

"ಎಷ್ಟಾತು?" ಲಾಲಮ್ಮ ಬಾಗಿಲಲ್ಲಿ ನಿಂತೇ ಕೇಳಿದಳು.

"ಎಪ್ಪತ್ತು."

"ಸಾಕಾಗ್ತದೇನು?"

"ಸಾಕು. ಮರಿಲಿಂಗನ ಹತ್ತೂ ಹಿಡದು."

ಮದುವೆಯಾದಾಗಿನಿಂದ ಅವಳು ಗಂಡನ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ಲಾಲಮ್ಮ ಒಳಗೆ ಬಂದು ಕುರ್ಚಿಯಲ್ಲಿ ಕೂತಳು.

"ಕಳಸು," ಎಂದಳು.